ಮೈದಾನ ನೋಡಿ ಬೂಟು ಕೊಳ್ಳಿ

ಸಿಯಾಟಲ್ ಬಳಿಯ ಟಕ್ವಿಲಾದ ಸ್ಟಾರ್‌ಫೈರ್‌ನಲ್ಲಿ ಸೀವುಲ್ವ್ಸ್ ತಂಡದ ಆಟ ನೋಡಿ ಬಂದ ಮಕ್ಕಳಿಗೆ ರಗ್ಬಿ ಹುಚ್ಚು ಹಿಡಿಯುವುದು ಸಹಜ. 2018, 2019 ಎರಡೂ ವರ್ಷ ಮೇಜರ್ ಲೀಗ್ ರಗ್ಬಿ ಗೆದ್ದ ತಂಡ ತಾನೇ ಅದು! ಆಡಲಿ, ಬೇಡ ಅನ್ನಬೇಡಿ. ಅಂಗಡಿಗೆ ಹೊರಡುವ ಮುಂಚೆ ಮಾತ್ರ ನಾಲ್ಕು ಮಾತು ಕೇಳಿಸಿಕೊಳ್ಳಿ.

• ಮೊದಲು ಕೋಚ್‌ಗೆ ಫೋನ್ ಮಾಡಿ, ಅಭ್ಯಾಸ ಎಂಥ ನೆಲದ ಮೇಲೆ ಅಂತ ಕೇಳಿ. ಸ್ಟಾರ್‌ಫೈರ್ ಸ್ಟೇಡಿಯಂನಲ್ಲಿ ಇರುವುದು ಕೃತಕ ಹುಲ್ಲು. ಮಕ್ಕಳು ಅಂಥ ಕಡೆಯೇ ಆಡುವುದಾದರೆ ಬೂಟಿನ ಅಡಿಯ ಲೋಹದ ಸ್ಟಡ್‌ಗೆ ಕೊಟ್ಟ ದುಡ್ಡು ದಂಡ.

• ಕೃತಕ ಹುಲ್ಲಿಗೆ ಡಬ್ಬಿಯ ಮೇಲೆ ‘ಎಜಿ’ ಎಂದಿರುವ ಬೂಟು ತೆಗೆದುಕೊಳ್ಳಿ. ಅದರ ಸ್ಟಡ್‌ಗಳು ಗಿಡ್ಡ, ಸಂಖ್ಯೆಯಲ್ಲಿ ಜಾಸ್ತಿ. ಉದ್ದದ್ದು ಆ ಹುಲ್ಲಿಗೆ ಸಿಕ್ಕಿಕೊಂಡರೆ ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಪೆಟ್ಟು ಮೊಣಕಾಲಿಗೆ. ಲೋಹದ್ದನ್ನಂತೂ ಎಷ್ಟೋ ಮೈದಾನದವರು ಒಳಗೇ ಬಿಡುವುದಿಲ್ಲ.

• ಬೇಸಿಗೆಯ ಒಣ ಹುಲ್ಲಿಗೆ ‘ಎಫ್‌ಜಿ’ ಸಾಕು.

• ನವೆಂಬರ್ ಮಳೆಗೆ ಕೆಸರಾದ ಹುಲ್ಲಿನ ಮೈದಾನಕ್ಕೆ ಮಾತ್ರ ‘ಎಸ್‌ಜಿ’, ಅಂದರೆ ತಿರುಪಿ ಕೂರಿಸುವ ಲೋಹದ ಸ್ಟಡ್, ಕೊಳ್ಳಿ. ಅದೂ ಸ್ಕ್ರಮ್‌ನಲ್ಲಿ ನೊಗಕ್ಕೆ ಹೆಗಲು ಕೊಟ್ಟ ಎತ್ತಿನಂತೆ ತಳ್ಳುವ ಹುಡುಗರಿಗೆ ಬೇಕು. ಅಂಚಿನಲ್ಲಿ ಓಡುವವರಿಗೆ ಹಗುರ ಬೂಟೇ ಚೆಂದ. ಸ್ಟಡ್‌ನ ಉದ್ದ 21 ಮಿಲಿಮೀಟರ್ ದಾಟದಿರಲಿ, ನಿಯಮ ಅಷ್ಟಕ್ಕೇ ಬಿಡುವುದು.

• ಬೇಸ್‌ಬಾಲ್ ಆಡಿದ ಅಣ್ಣನ ಹಳೇ ಬೂಟು ತಮ್ಮನಿಗೆ ಆಗುತ್ತದೆ ಅಂತ ಎತ್ತಿಟ್ಟಿದ್ದೀರಾ? ಮಗುಚಿ ನೋಡಿ. ಕಾಲ್ಬೆರಳ ತುದಿಯ ಕೆಳಗೆ ಒಂಟಿ ಸ್ಟಡ್ ಇದ್ದರೆ ರಗ್ಬಿಯಲ್ಲಿ ನಡೆಯುವುದಿಲ್ಲ. ಫುಟ್‌ಬಾಲ್ ಬೂಟಾದರೆ, ಇಲ್ಲಿಯವರು ಸಾಕರ್ ಅನ್ನುತ್ತಾರಲ್ಲ ಅದರದ್ದು, ಧಾರಾಳವಾಗಿ ಹಾಕಿಸಿ. ಒಂದು ಜೊತೆಯ ದುಡ್ಡು ಉಳಿಯಿತು.

• ಬೆಳೆಯುವ ಮಗು ಅಂತ ಎರಡು ನಂಬರ್ ದೊಡ್ಡದು ಕೊಡಿಸುವ ಚಾಳಿ ಇಲ್ಲಿ ಬಿಡಿ. ಪಾದ ಒಳಗೆ ಜಾರಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಗ್ಯಾರಂಟಿ. ಆಟದ ಕಾಲುಚೀಲ ಹಾಕಿಸಿಯೇ ಅಳತೆ ನೋಡಿ. ಮನೆಯ ತೆಳು ಕಾಲುಚೀಲದಲ್ಲಿ ಸರಿಹೋದದ್ದು ಮೈದಾನದಲ್ಲಿ ಕಚ್ಚುತ್ತದೆ. ಊರಿನ ನಂಬರ್ ಹೇಳಿ ಮೋಸ ಹೋಗಬೇಡಿ. ಗಂಡಸರ ಬೂಟಿನಲ್ಲಿ ನಮ್ಮ ಭಾರತದ 8 ಇಲ್ಲಿ ಅಮೆರಿಕದಲ್ಲಿ ಸುಮಾರು 9 ಆಗುತ್ತದೆ.

• ಎಸ್‌ಜಿ ಬೂಟಿನ ಸ್ಟಡ್‌ಗಳನ್ನು ಮೊದಲು ಕೈಯಲ್ಲೇ ತಿರುಪಿ, ನೆಟ್ಟಗೆ ಕೂತ ಮೇಲೆ ಸ್ಪ್ಯಾನರ್ ಹಾಕಿ. ಅಡ್ಡ ಕೂತರೆ ಅಟ್ಟೆಯ ಮರೆ ಕಿತ್ತು ಬೂಟೇ ಹಾಳು. ಕೂರಿಸುವಾಗ ಒಂದು ಚೂರು ವ್ಯಾಸಲೀನ್ ಸವರಿ, ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಆ ಸ್ಪ್ಯಾನರನ್ನು ಅಡುಗೆಮನೆ ಡ್ರಾಯರ್‌ಗೆ ಸೇರಿಸಬೇಡಿ, ಬೂಟಿನ ಚೀಲದಲ್ಲೇ ಇಡಿ.

• ಪಾರ್ಕಿಂಗ್‌ನಿಂದ ಮೈದಾನದವರೆಗೆ ಹವಾಯಿ ಚಪ್ಪಲಿ ಹಾಕಿಸಿ. ಸಿಮೆಂಟಿನ ಮೇಲೆ ನಡೆದರೆ ಲೋಹ ಸವೆದು ಅಂಚು ಬ್ಲೇಡಾಗುತ್ತದೆ, ಆಮೇಲೆ ಇನ್ನೊಬ್ಬರ ಮಗುವಿನ ಕಾಲು ಸೀಳುತ್ತದೆ. ಆಟದ ಹಿಂದಿನ ರಾತ್ರಿ ಪ್ರತಿ ಸ್ಟಡ್ ಮೇಲೂ ಬೆರಳಾಡಿಸಿ ನೋಡಿ. ಚುರುಕ್ ಅಂದರೆ ಬದಲಾಯಿಸಿ.

• ಕಾರು ಹತ್ತುವ ಮುಂಚೆ ಬೂಟು ಕೊಡವಿಸಿ. ಕೃತಕ ಹುಲ್ಲಿನ ಕಪ್ಪು ರಬ್ಬರ್ ಕಾಳು ಮನೆಯ ಕಾರ್ಪೆಟ್ ಸೇರಿದರೆ ವ್ಯಾಕ್ಯೂಮ್‌ಗೂ ಬಗ್ಗುವುದಿಲ್ಲ.

• ಒದ್ದೆ ಬೂಟನ್ನು ಹೀಟರ್ ಮುಂದೆ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಲೇಸ್ ಸಡಿಲಿಸಿ, ಒಳಗೆ ಹಳೇ ಪೇಪರ್ ತುರುಕಿ, ಗಾಳಿಯಾಡುವ ಕಡೆ ಇಡಿ. ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಿಸಿ.