‘ಗ್ರೀಡ್’ ಅಂದರೆ ಬರೀ ಆಸೆಯೇ?



ಹೋದ ತಿಂಗಳು ನಮ್ಮ ಇಂಗ್ಲಿಷ್ ಪೀರಿಯಡ್‌ನಲ್ಲಿ ಒಂದು ಸಣ್ಣ ಜಗಳ ಆಯಿತು. ಚಿನ್ನದ ಮೊಟ್ಟೆ ಇಡುವ ಕೋಳಿಯ ಕಥೆ ನಡೆಯುತ್ತಿತ್ತು. ಕೋಳಿಯ ಹೊಟ್ಟೆ ಸೀಳಿದ ಯಜಮಾನನಿಗೆ ‘ಗ್ರೀಡಿ’ ಎಂಬ ಪದ ಹಾಕಿದ್ದರು. ಸರ್ ಅರ್ಥ ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ “ಆಸೆ ಇರೋನು ಸರ್” ಅಂದ. ಮುಂದಿನ ಬೆಂಚಿನವಳು “ಅಲ್ಲ ಸರ್, ದುರಾಸೆ ಇರೋನು” ಅಂದಳು. ಅವನು ಬಿಡಲಿಲ್ಲ. “ಎರಡೂ ಒಂದೇ ಅಲ್ದಾ ಮಾರಾಯ್ತಿ? ಎಷ್ಟು ಆಸೆ ಆದ್ರೆ ದುರಾಸೆ ಆಗ್ತದೆ, ಹೇಳು ನೋಡುವಾ.” ಕ್ಲಾಸೆಲ್ಲ ನಕ್ಕಿತು. ಆದರೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಸರ್ ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಚಿತ್ರ ಹೇಳುತ್ತೇನೆ. ‘ಗ್ರೀಡ್’ ಎಂಬ ಪದದಿಂದ ‘ಗ್ರೀಡಿ’ ಹುಟ್ಟಿದ್ದಲ್ಲ. ‘ಗ್ರೀಡಿ’ಯೇ ಹಿರಿಯದು. ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಅದು ‘ಗ್ರ್ಯಾಡಿಗ್’ ಎಂಬ ರೂಪದಲ್ಲಿತ್ತು. ‘ಗ್ರೀಡ್’ ಎಂಬ ಈಗಿನ ನಾಮಪದವನ್ನು ಸುಮಾರು 1600ರ ಹೊತ್ತಿಗೆ ಅದರ ಬಾಲ ಕತ್ತರಿಸಿ ಮಾಡಿಕೊಂಡರು. ಅಂದರೆ ದುರಾಸೆಯವನು ಮೊದಲು ಬಂದ, ದುರಾಸೆ ಆಮೇಲೆ ಬಂತು!

ಈ ಹಳೆ ಪದಕ್ಕೆ ಮೂಲದಲ್ಲಿ ಹಣದ ಸಂಬಂಧವೇ ಇಲ್ಲ. ಅದರ ಅರ್ಥ ಹೊಟ್ಟೆಬಾಕ, ಹಸಿದವನು. ಇಂಗ್ಲಿಷಿನ ದಾಯಾದಿ ಭಾಷೆಯಾದ ಗಾಥಿಕ್‌ನಲ್ಲಿ ಇದೇ ಕುಲದ ‘ಗ್ರೇದುಸ್’ ಎಂಬ ಪದಕ್ಕೆ ಹಸಿವು ಎಂದೇ ಅರ್ಥ. ‘ಬೇವುಲ್ಫ್’ ಎಂಬ ಹಳೆ ಇಂಗ್ಲಿಷ್ ಕಾವ್ಯದಲ್ಲಿ ಗ್ರೆಂಡೆಲ್ ಎಂಬ ರಾಕ್ಷಸ ರಾತ್ರಿ ಬಂದು ಮಲಗಿದ್ದ ಯೋಧರನ್ನು ಎತ್ತಿಕೊಂಡು ಹೋಗುತ್ತಾನೆ. ಅವನಿಗೆ ಕವಿ ಬಳಸಿದ್ದು ಈ ಪದವನ್ನೇ. ಇದನ್ನು ಸಂಸ್ಕೃತದ ‘ಗೃಧ್ರ’ ಪದಕ್ಕೆ, ಅಂದರೆ ರಣಹದ್ದಿಗೆ, ಕೆಲವು ಪಂಡಿತರು ಹೋಲಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ. (ಸೀತೆಗಾಗಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಗೃಧ್ರರಾಜ. ಹದ್ದಿಗೆ ಈ ಕೆಟ್ಟ ಹೆಸರು ಅನ್ಯಾಯ ಎಂದು ನನ್ನ ಅಭಿಪ್ರಾಯ.)

ಕನ್ನಡದಲ್ಲೂ ನಾವು ಈ ವಿಷಯ ಮಾತಾಡುವುದು ಹೊಟ್ಟೆ ಬಾಯಿಯ ಲೆಕ್ಕದಲ್ಲೇ ಅಲ್ಲವೇ? ಹಣದ ದಾಹ ಅನ್ನುತ್ತೇವೆ. ಲಂಚ ತಿಂದ ಅನ್ನುತ್ತೇವೆ. ಜಾಗ ನುಂಗಿದ ಅನ್ನುತ್ತೇವೆ. ಯಾರೂ ಜಾಗವನ್ನು ಅಗಿದು ನುಂಗಿದ್ದು ನಾನಂತೂ ನೋಡಿಲ್ಲ.

ಅರಿಷಡ್ವರ್ಗದ ಮೂರನೆಯದು ಲೋಭ. ಇದು ಸಂಸ್ಕೃತದ ‘ಲುಭ್’ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ‘ಲವ್’ ಕೂಡ ಇದೇ ಬೇರಿನ ಇನ್ನೊಂದು ಚಿಗುರು! ಅಲ್ಲಿ ಪ್ರೀತಿ ಆಯಿತು, ಇಲ್ಲಿ ಲೋಭ ಆಯಿತು. ನಮ್ಮಲ್ಲಿ ‘ಲೋಭಿ’ ಅಂದರೆ ತಾನೂ ತಿನ್ನದ, ಬೇರೆಯವರಿಗೂ ಕೊಡದ ಜಿಪುಣ. ಇಂಗ್ಲಿಷಿನಲ್ಲಿ ಜಿಪುಣನಿಗೆ ‘ಮೈಸರ್’ ಅನ್ನುತ್ತಾರೆ. ಅದು ಲ್ಯಾಟಿನ್‌ನಿಂದ ಬಂದ ಪದ, ಅಲ್ಲಿ ಅದಕ್ಕೆ ದುಃಖಿ, ಪಾಪದವನು ಎಂಬ ಅರ್ಥ.

ಇಷ್ಟಾದರೂ ಹಿಂದಿನ ಬೆಂಚಿನವನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಷ್ಟಾದರೆ ದುರಾಸೆ? ಅದಕ್ಕೆ ಗ್ರೀಕರ ಒಂದು ಪದ ಸಹಾಯಕ್ಕೆ ಬಂತು. ‘ಪ್ಲಿಯೊನೆಕ್ಸಿಯಾ’. ಬಿಡಿಸಿದರೆ ‘ಹೆಚ್ಚು ಹೊಂದುವುದು’. ತನ್ನ ಪಾಲಿಗಿಂತ ಹೆಚ್ಚು ತೆಗೆದುಕೊಳ್ಳುವುದು ಅನ್ಯಾಯದ ಒಂದು ರೂಪ ಎಂದು ಅರಿಸ್ಟಾಟಲ್ ಈ ಪದ ಬಳಸಿ ವಿವರಿಸಿದ್ದಾನೆ. ಅಂದರೆ ಮನಸ್ಸಿನಲ್ಲಿ ಎಷ್ಟು ಆಸೆ ಇದೆ ಎಂದು ಅಳೆಯುವುದು ಬೇಡ. ಕೈ ಯಾರ ಪಾಲಿಗೆ ಹೋಯಿತು ಎಂದು ನೋಡಿದರೆ ಸಾಕು.

ಇದಕ್ಕೆ ಉದಾಹರಣೆ ಗ್ರೀಸ್ ದೇಶದಲ್ಲಿ ಹುಡುಕಬೇಕಾಗಿಲ್ಲ, ನಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ. ಕಾಗೋಡು. ಆಗ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡಬೇಕಿತ್ತು. ಅಳೆಯುವಾಗ ಒಡೆಯರು ಸರಿಯಾದ ಅಳತೆಗಿಂತ ದೊಡ್ಡ ಕೊಳಗ ಇಡುತ್ತಾರೆ ಎಂಬುದು ಗೇಣಿದಾರರ ದೂರು. 20 ಕೊಳಗಕ್ಕೆ ಒಂದು ಖಂಡುಗ. ಒಂದು ಕೊಳಗ ಅರ್ಧ ಸೇರು ದೊಡ್ಡದಿದೆ ಎಂದು ಇಟ್ಟುಕೊಳ್ಳಿ. ಖಂಡುಗಕ್ಕೆ 10 ಸೇರು ಹೆಚ್ಚಾಯಿತು. 10 ಖಂಡುಗ ಗೇಣಿಯಾದರೆ 100 ಸೇರು! ಬಾಯಲ್ಲಿ ಹೇಳುವ ಲೆಕ್ಕ ಅಷ್ಟೇ ಇರುತ್ತದೆ, ಪಾತ್ರೆ ಮಾತ್ರ ದೊಡ್ಡದು. ದುರಾಸೆಯನ್ನು ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಮುಟ್ಟಬೇಕು ಅಂದರೆ ಇದಕ್ಕಿಂತ ಒಳ್ಳೆ ವಸ್ತು ನನಗೆ ಸಿಕ್ಕಲಿಲ್ಲ.

ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ತಾವು ಉಳುವ ಗದ್ದೆಗೇ ಸಾಲು ಹಿಡಿದು ಇಳಿದು ಜೈಲಿಗೆ ಹೋದರು. ಸಮಾಜವಾದಿಗಳು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಯಾಗಿ ಉಳುವವನೇ ಹೊಲದೊಡೆಯ ಎಂದಾಯಿತು. ಗೇಣಿಯೂ ಹೋಯಿತು, ಕೊಳಗವೂ ಅಟ್ಟ ಸೇರಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದನ್ನು ಬರೆಯುವಾಗ ನನ್ನ ಅಜ್ಜ ಒಂದು ಸಂಗತಿ ಹೇಳಿದರು.

ನಮ್ಮದು ಮುಳುಗಡೆ ಮನೆ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದಾಗ ಅಜ್ಜನಿಗೆ 8 ವರ್ಷ. ಈಗ ಹೊಳೆಬಾಗಿಲಲ್ಲಿ ಹಿನ್ನೀರು ನಿಂತಿದೆಯಲ್ಲ, ಅದರ ಅಡಿಯಲ್ಲಿ ಅವರ ಗದ್ದೆ ಇದೆ. 2025ರ ಜುಲೈನಲ್ಲಿ ಉದ್ಘಾಟನೆಯಾದ ಸೇತುವೆ ಮೇಲೆ ಹೋಗುವಾಗಲೂ ಅಜ್ಜ ಒಂದು ಕಡೆ ಕೈ ತೋರಿಸಿ “ಅಲ್ಲೇ” ಅನ್ನುತ್ತಾರೆ. ನಮಗೆ ನೀರು ಬಿಟ್ಟರೆ ಏನೂ ಕಾಣುವುದಿಲ್ಲ. ಈಗ ಇರುವ ಜಾಗಕ್ಕೆ ಹಕ್ಕುಪತ್ರ ಬೇಕು ಎಂದು ಅವರು ಅರ್ಜಿ ಕೊಡುತ್ತಲೇ ಇದ್ದಾರೆ. ಮುಳುಗಡೆಯ ಎಷ್ಟೋ ಮನೆಗಳದ್ದು ಇದೇ ಕಥೆ. ಒಂದು ಸಲ ಒಂದು ಕಚೇರಿಯಲ್ಲಿ ಒಬ್ಬರು, “ಇವರಿಗೆ ಎಷ್ಟು ಕೊಟ್ರೂ ಸಾಕಾಗಲ್ಲ, ದುರಾಸೆ” ಅಂದರಂತೆ. ಅಜ್ಜ ಏನೂ ಹೇಳದೆ ಎದ್ದು ಬಂದರಂತೆ. ಆ ಹೊತ್ತಿಗೆ ಕೊನೆಯ ಲಾಂಚ್ ತಪ್ಪಿತ್ತು, ರಾತ್ರಿ ಆ ದಡದಲ್ಲೇ ಕಳೆದರು.

ಅವತ್ತು ರಾತ್ರಿ ನಾನು ಪುಸ್ತಕ ತೆಗೆದು ದುರಾಸೆ ಪದದ ಮೂಲ ನೋಡಿದೆ. ಸಂಸ್ಕೃತದಲ್ಲಿ ‘ಆಶಾ’ ಅಂದರೆ ಭರವಸೆ, ನಿರೀಕ್ಷೆ. ‘ದುರಾಶಾ’ ಅಂದರೆ ಲೋಭ ಅಲ್ಲ, ಕೈಗೂಡದ ನಿರೀಕ್ಷೆ. ಕನ್ನಡಕ್ಕೆ ಬಂದ ಮೇಲೆ ಅದು ‘ಗ್ರೀಡ್’ ಆಯಿತು. ಓದಿ ನನಗೆ ಒಂಥರಾ ಆಯಿತು. ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅವ್ರು ಸಂಸ್ಕೃತದಲ್ಲಿ ಬೈದಿರ್ಬೇಕು ಬಿಡು” ಅಂದು ಕವಳದ ಚೀಲ ಬಿಚ್ಚಿದರು.

ಗೆಳೆಯರೇ, ನಿಮ್ಮ ಮನೆ ಅಟ್ಟದಲ್ಲಿ ಹಳೆ ಕೊಳಗ ಇದ್ದರೆ ಸೇರಿನಿಂದ ಅಳೆದು ಎಷ್ಟು ಹಿಡಿಯುತ್ತದೆ ಎಂದು ಚೀಟಿಯಲ್ಲಿ ಬರೆದು ನನಗೆ ಕೊಡಿ. ಎರಡು ಕೊಳಗ ಇದ್ದರೆ ಎರಡನ್ನೂ ಅಳೆಯಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಲೆಕ್ಕ ಒಟ್ಟಿಗೆ ಹಾಕೋಣ.