ಗರಿಗೆ ಬೆಂಕಿ ಇಡುವ ಮುನ್ನ ಎರೆಹುಳುವಿನ ಲೆಕ್ಕ

ತರೀಕೆರೆ, ಅಜ್ಜಂಪುರದ ಕಡೆ ಅಡಿಕೆ ಸುಲಿಯುವ ಕಾಲಕ್ಕೆ ಹಸಿ ಸಿಪ್ಪೆ ರಸ್ತೆ ಬದಿ ಸೇರುತ್ತದೆ. ಕಡೂರಿನ ತೆಂಗಿನ ತೋಟಗಳಲ್ಲಿ ಒಣಗಿದ ಗರಿಗೆ ಬೆಂಕಿ ಬೀಳುತ್ತದೆ. ಅದೇ ತೋಟಕ್ಕೆ ಕೊಟ್ಟಿಗೆ ಗೊಬ್ಬರವನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಕೊಂಡು ತರುತ್ತೇವೆ. ಅಮೃತಮಹಲ್ ದನಗಳ ಸೀಮೆಯಲ್ಲೇ ಸಗಣಿಗೆ ಬರ. ಎರೆಹುಳು ಉಪಯೋಗಕ್ಕೆ ಬರುವುದು ಇಲ್ಲೇ: ಇರುವಷ್ಟು ಸಗಣಿಯಲ್ಲಿ ಹೆಚ್ಚು ಗೊಬ್ಬರ ಮಾಡಿಸುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಕ್ರಮದಲ್ಲಿ ಒಂದು ಟನ್ ತೆಂಗಿನ ಗರಿಗೆ ಸುಮಾರು 100 ಕೆಜಿ ಸಗಣಿ ಸಾಕು. ಗರಿ ಕತ್ತರಿಸಿ, ಸಗಣಿ ಬಗ್ಗಡ ಚಿಮುಕಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು, ಕಾವು ಇಳಿದ ಮೇಲೆ ಟನ್ನಿಗೆ ಒಂದು ಕೆಜಿ ಯೂಡ್ರಿಲಸ್ ಜಾತಿಯ ಹುಳು ಬಿಟ್ಟರೆ, ಸುಮಾರು ಮೂರು ತಿಂಗಳಲ್ಲಿ ಗರಿಯ ತೂಕದ ಶೇ 70ರ ಹತ್ತಿರ ಗೊಬ್ಬರ ಸಿಗುತ್ತದೆ. ಕಾವು ಇಳಿಯುವ ಮೊದಲೇ ಬಿಟ್ಟ ಹುಳು ಸಾಯುತ್ತದೆ. ಅಡಿಕೆ ಸೋಗೆ, ಹಾಳೆಗೂ ಇದೇ ಕ್ರಮ. ಸಿಪ್ಪೆ ನಾರಿನದು, ನಿಧಾನ; ಅದನ್ನು ಒಂದೇ ರಾಶಿ ಹಾಕದೆ ಸೋಗೆಯ ಜೊತೆ ಬೆರೆಸಬೇಕು. ರಾಗಿ ಹುಲ್ಲನ್ನು ಮಾತ್ರ ಎರೆಹುಳುವಿನ ತೊಟ್ಟಿಗೆ ಹಾಕಬೇಡಿ, ಅದು ದನದ ಪಾಲು.

ಕುಡಿಯುವ ನೀರಿಗೇ ತತ್ವಾರವಿರುವ ಕಡೂರಿನಲ್ಲಿ ಹುಳುವಿಗೆ ನೀರೆಲ್ಲಿ ತರೋಣ ಎಂದು ಕೇಳುವುದು ಸಹಜ. ಆದರೆ ತೊಟ್ಟಿಗೆ ಹರಿ ನೀರು ಬೇಡ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ. ಮರದ ನೆರಳಲ್ಲಿ ತೊಟ್ಟಿ ಕಟ್ಟಿ, ಮೇಲೆ ಗೋಣಿ ಚೀಲ ಹೊದಿಸಿದರೆ ಪಾತ್ರೆ ತೊಳೆದ ನೀರೇ ಬಹುಪಾಲು ಸಾಲುತ್ತದೆ. ಸೋಪಿನ ನೀರು ಬೇಡ. ಇರುವೆಗೆ ತೊಟ್ಟಿಯ ಸುತ್ತ ನೀರಿನ ಕಾಲುವೆ, ಕೋಳಿ, ಹೆಗ್ಗಣಕ್ಕೆ ಜಾಲರಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಎರೆಗೊಬ್ಬರವೊಂದರಿಂದಲೇ ತೋಟ ಸಾಗುತ್ತದೆಯೇ? ಸಾಗುವುದಿಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸಾದ ಪೋಷಕಾಂಶ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ ಹಸಿರೆಲೆ ಮತ್ತು ಕಾಂಪೋಸ್ಟ್ ತಲಾ 12 ಕೆಜಿ. ಗರಿಯ ಎರೆಗೊಬ್ಬರದಲ್ಲಿ ಸಾರಜನಕ ಶೇ 1.8ರ ಆಸುಪಾಸು, ಅಂದರೆ 12 ಕೆಜಿಯಲ್ಲಿ 200 ಗ್ರಾಂ ಮೀರುತ್ತದೆ. ಅದು ಮರಕ್ಕೆ ಒಮ್ಮೆಲೇ ದಕ್ಕುವುದಿಲ್ಲ, ನಿಧಾನವಾಗಿ ಬಿಡುಗಡೆಯಾಗುತ್ತದೆ. ಪೊಟ್ಯಾಷ್ ಶೇ 0.5ನ್ನೂ ಮುಟ್ಟದ ಕಾರಣ ಅದೇ 12 ಕೆಜಿಯಲ್ಲಿ 60 ಗ್ರಾಂ ಕೂಡ ಸಿಗದು. ಹಾಗಾಗಿ ಎರೆಗೊಬ್ಬರ ಹಾಕಿದೆವೆಂದು ಪೊಟ್ಯಾಷ್ ನಿಲ್ಲಿಸುವುದು ತಪ್ಪು. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆಯಷ್ಟನ್ನು ಬೇರೆ ಕೊಡಬೇಕು. ಎರೆಗೊಬ್ಬರ ನಿಜಕ್ಕೂ ಉಳಿಸುವುದು ಕೊಟ್ಟಿಗೆ ಗೊಬ್ಬರದ ಖರ್ಚನ್ನು. ಚೀಲದ ಎರೆಗೊಬ್ಬರ ಕೊಂಡು ತಂದರೆ ಆ ಉಳಿತಾಯವೂ ಹೋಯಿತು. ಹುಳು ಎಲ್ಲಿ ಸಿಗುತ್ತದೆಂದು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ, ಈ ವರ್ಷ ಒಂದೇ ಒಂದು ತೊಟ್ಟಿ ಹಾಕಿ ನೋಡಿ.