ಗೋಡೆಯ ಬೂಷ್ಟು ನಿನ್ನ ತಪ್ಪಲ್ಲ

ಬೀರುವಿನ ಹಿಂದಿನ ಗೋಡೆ ಕಪ್ಪಾಗಿದ್ದಕ್ಕೆ ನೀನು ನಾಚಿಕೊಳ್ಳಬೇಕಾದ್ದೇನೂ ಇಲ್ಲ ಮಾರಾಯ್ತಿ. ನೆಂಟರು ಬಂದರೆ ಆ ಕೋಣೆಯ ಬಾಗಿಲು ಎಳೆದುಕೊಂಡು ನಿಲ್ಲುತ್ತೀಯ. ನಿನ್ನ ಅತ್ತೆ, ನನ್ನ ತಂಗಿಯೇ ಆದರೂ ಹೇಳುತ್ತೇನೆ, "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅಂತ ಒಂದು ಮಾತು ಎಸೆಯುತ್ತಾಳೆ. ಹೀಗಿರಲಿಲ್ಲ, ನಿಜ. ಆದರೆ ಆಗ ಮನೆಯೂ ಹೀಗಿರಲಿಲ್ಲ.

ಆ ಮನೆಗೆ ಹೆಂಚಿನ ಮಾಡು, ಸಂದಿಸಂದಿಯಲ್ಲಿ ಗಾಳಿ. ಸೂರು ಮುಂದಕ್ಕೆ ಚಾಚಿಕೊಂಡಿತ್ತು. ಮಳೆಗಾಲ ಹಿಡಿಯುವ ಮುಂಚೆ ಪಡುವಣ ಬದಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಿಂದ ಇರಚಲು ಗೋಡೆಗೆ ತಾಗುತ್ತಿರಲಿಲ್ಲ. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ; ಸುಣ್ಣದ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿ ಇತ್ತು. ಆರಿದ್ರೆಯಿಂದ ಮಖೆಯವರೆಗೆ ಬಚ್ಚಲೊಲೆ ಆರಿದ್ದೇ ಕಡಿಮೆ. ಬಟ್ಟೆ, ಕಂಬಳಿ, ಹಾಸಿಗೆ ಎಲ್ಲ ಅದರ ಕಾವಿಗೇ ಒಣಗಬೇಕು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅನ್ನಲಾರೆ. ಗೋಡೆಯನ್ನು ಒಣಗಿಸಿದ ಹೊಗೆಯೇ ನಮ್ಮ ಅಮ್ಮಂದಿರ ಎದೆಗೂ ಹೋಗಿದ್ದು. ಮಧ್ಯಾಹ್ನ ಕಳೆದರೆ ಅಡುಗೆಮನೆಯಿಂದ ಬರುತ್ತಿದ್ದ ಕೆಮ್ಮಿಗೆ ಯಾರೂ ಹೆಸರಿಟ್ಟಿರಲಿಲ್ಲ.

ಈಗ ನಿಮ್ಮದು ಸೂರೇ ಇಲ್ಲದ, ಪೆಟ್ಟಿಗೆಯಂಥ ಆರ್‌ಸಿಸಿ ಮನೆ. ಪೇಟೆಯ ನಕ್ಷೆ ತಂದು ಕಿಗ್ಗದ ಮಳೆಯಲ್ಲಿ ನಿಲ್ಲಿಸಿದ್ದಾರೆ. ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುವ ಸೀಮೆ ಇದು. ಮಳೆ ಬೇಕೆಂದೂ ಋಷ್ಯಶೃಂಗನಿಗೇ ಕೈಮುಗಿಯುತ್ತೇವೆ, ಸಾಕಪ್ಪಾ ಎಂದೂ ಅವನಿಗೇ. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಗೀಸರು, ಕೋಣೆಗೆ ಅಂಟಿಕೊಂಡೇ ಬಚ್ಚಲು, ಒಳಗೇ ಬಟ್ಟೆಯ ಹಗ್ಗ, ಗೋಡೆಗೆ ಉಸಿರಾಡಲು ಬಿಡದ ಪೇಂಟು. ನೀರು ಒಳಗೆ ಬರಲು ಹತ್ತು ದಾರಿ, ಹೊರಗೆ ಹೋಗಲು ಒಂದೂ ಇಲ್ಲ.

ಬೂಷ್ಟಿನ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ, ಎಷ್ಟು ಗುಡಿಸಿದರೂ ಇರುತ್ತವೆ. ಅವು ಕಾಯುವುದು ತೇವಕ್ಕೆ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಚಿಗುರಲು ಶುರು. ಅದಕ್ಕೇ ಹೇಳುವುದು, ಇದು ನಿನ್ನ ಪೊರಕೆಯ ಲೆಕ್ಕವಲ್ಲ, ನೀರಿನ ಲೆಕ್ಕ.

ಇನ್ನು ನಿನ್ನ ಕೆಮ್ಮಿನ ವಿಷಯ. ಆಷಾಢಕ್ಕೆ ಕಡೂರಿಗೆ ಹೋದಾಗ ಸೀನು, ಕೆಮ್ಮು, ಕಣ್ಣಿನ ತುರಿಕೆ ಎಲ್ಲ ನಿಂತು, ಬಂದ ವಾರದೊಳಗೆ ಮತ್ತೆ ಹಿಡಿದವಂತೆ. "ತವರಿನ ಸುಖ" ಅಂತ ಇಲ್ಲಿ ನಕ್ಕರು. ನಗುವ ಮಾತಲ್ಲ ಅದು. ಕಡೂರಿಗೆ ನಮ್ಮ ಮಳೆಯ ಕಾಲು ಭಾಗವೂ ಬೀಳುವುದಿಲ್ಲ. ಮನೆ ಬಿಟ್ಟಾಗ ಇಳಿದು, ಮನೆಗೆ ಬಂದಾಗ ಏರುವ ಕೆಮ್ಮಾದರೆ ಮೊದಲು ಮನೆಯ ಮೇಲೇ ಅನುಮಾನ ಪಡಬೇಕು. ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಉಸಿರಾಟದ ತೊಂದರೆ, ಅಲರ್ಜಿ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಎಲ್ಲರಿಗೂ ಆಗುತ್ತದೆ ಅಂತಲ್ಲ. ಒಂದೇ ಕೋಣೆಯಲ್ಲಿ ಮಲಗುವ ನಿನ್ನ ಗಂಡನಿಗೆ ಒಂದು ಸೀನೂ ಬರದೇ ಇರಬಹುದು. ಅವನಿಗಿಲ್ಲ ಎಂದ ಮಾತ್ರಕ್ಕೆ ನಿನ್ನದು ನಾಟಕವಾಗುವುದಿಲ್ಲ. ಮಾವನಿಗೂ ಒಂದು ಮಾತು ಹೇಳಿಡು: ಗೊಣಬೆಯ ಬೂಷ್ಟು ಹಿಡಿದ ಹುಲ್ಲು ಕೊಡವುವಾಗ ಮೂಗಿಗೆ ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೇ ಉರಿಯೂತ ತರಬಲ್ಲದು.

ಮನಸ್ಸಿನ ಮಾತನ್ನು ನೀನಾಗಿ ಹೇಳಲಿಲ್ಲ, ಆದರೂ ನನಗೆ ಕಾಣುತ್ತದೆ. ಯುರೋಪಿನ ಎಂಟು ನಗರಗಳ ಸುಮಾರು 6000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿತ್ತು. ಬೂಷ್ಟಿನ ಮನೆಯಲ್ಲಿರುವವರಲ್ಲಿ ಖಿನ್ನತೆ ಹೆಚ್ಚು ಕಂಡುಬಂತು. ಬೂಷ್ಟೇ ತಲೆಗೆ ಹೋಗಿ ಹೀಗೆ ಮಾಡುತ್ತದೆ ಎಂದು ಅವರು ಹೇಳಲಿಲ್ಲ. ಕಾಯಿಲೆ ಬೀಳುವುದು ಒಂದು ಕಾರಣ. ನನ್ನ ಮನೆಯೇ ನನ್ನ ಹಿಡಿತದಲ್ಲಿಲ್ಲ ಅನ್ನುವ ಭಾವನೆ ಇನ್ನೊಂದು. ಇದನ್ನು ಓದಿದಾಗ ನೀನೇ ನೆನಪಾದೆ. ಒರೆಸಿದಷ್ಟೂ ಬರುತ್ತದೆ, ಬಂದಷ್ಟೂ ಮಾತು ಕೇಳಬೇಕು, ಹೊರಗೆ ನೋಡಿದರೆ ಜಡಿಮಳೆ. ಮನಸ್ಸು ಕುಗ್ಗದೆ ಇನ್ನೇನಾಗುತ್ತದೆ?

ಹೆದರಿಸಲು ಹೇಳುತ್ತಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಬೂಷ್ಟಿನ ಮನೆಯಲ್ಲೇ ದಿನಗಟ್ಟಲೆ ಉಸಿರಾಡಿದ್ದು ಕಾರಣ ಎಂದು 2022ರಲ್ಲಿ ವಿಚಾರಣೆ ಮುಗಿಸಿದವರು ಹೇಳಿದರು. ಅಪ್ಪ ದೂರು ಕೊಟ್ಟಾಗ ಮನೆ ಬಾಡಿಗೆಗೆ ಕೊಟ್ಟವರು "ಮೇಲೆ ಪೇಂಟ್ ಬಳಿ" ಅಂದಿದ್ದರಂತೆ. ಆ ಮನೆಯವರ ಬದುಕುವ ರೀತಿಯೇ ಸರಿಯಿಲ್ಲ ಅಂತಲೂ ಬಗೆದಿದ್ದರು. ಮನೆಯ ದೋಷವನ್ನು ಮನೆಯಲ್ಲಿರುವವರ ತಲೆಗೆ ಕಟ್ಟುವುದು ನಮ್ಮೂರಿನ ಚಾಳಿ ಮಾತ್ರ ಅಲ್ಲ, ನೋಡು.

ನಿನ್ನ ಗಂಡನಿಗೆ ಇದನ್ನು ತೋಟದ ಭಾಷೆಯಲ್ಲಿ ಹೇಳು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಯಾರಾದರೂ ಬೋರ್ಡೋ ಹೊಡೆಸಲು ಕೂರುತ್ತಾರೆಯೇ? 1910ರ ಸುಮಾರಿಗೆ ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಹೇಳಿಕೊಟ್ಟ ಪಾಠ ಅದು. ಮೈಲುತುತ್ತ, ಸುಣ್ಣ ಕಲಸಿ ಮಳೆ ಹಿಡಿಯುವ ಮುಂಚೆಯೇ ಗೊನೆಗೆ ಹೊಡೆಯಬೇಕು. ಗೋಡೆಗೂ ಅದೇ ನ್ಯಾಯ. ಗೊನೆಗೆ ಎರಡು ಸಲ ಖರ್ಚು ಮಾಡುವವನು ಗೋಡೆಗೆ ಒಂದು ಸಲವೂ ಮಾಡುವುದಿಲ್ಲ. ಗೋಡೆ ಹೆಂಗಸರ ಇಲಾಖೆ ಅಂದುಕೊಂಡಿದ್ದಾನೆ, ಅಷ್ಟೆ.

ಸದ್ಯಕ್ಕೆ ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಬೂಷ್ಟನ್ನು ಒಣ ಪೊರಕೆಯಲ್ಲಿ ಕೆರೆಯಬೇಡ, ಕಣಗಳೆಲ್ಲ ಗಾಳಿಗೆ ಏಳುತ್ತವೆ. ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒತ್ತಬೇಕು. ಅದನ್ನೂ ನೀನು ಮಾಡಬೇಡ, ಕೆಮ್ಮಿಲ್ಲದ ಅವನು ಮಾಡಲಿ. ಬ್ಲೀಚನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಜಡಿಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಒಳಗೆ ಬರುವುದೂ ಒದ್ದೆ ಗಾಳಿಯೇ, ಹೊಳವಾದಾಗ ತೆರೆ. ಸ್ನಾನದ ಹಬೆ ಹೊರಹೋಗಲು ಬಚ್ಚಲಿಗೊಂದು ಎಕ್ಸಾಸ್ಟ್ ಫ್ಯಾನ್ ಇರಲಿ. ನೀರು ಕುಡಿದ ಗಾದಿಯ ಮೇಲೆ ಆಸೆ ಬಿಡು.

ಡಾಕ್ಟರ ಹತ್ತಿರ ಹೋದಾಗ ಗೋಡೆಯ ಫೋಟೋ ತೋರಿಸು, ಕಡೂರಿನ ಕಥೆಯನ್ನೂ ಹೇಳು. ಬರೀ ಕೆಮ್ಮು ಅಂದರೆ ಔಷಧಿ ಕೊಟ್ಟು ಕಳಿಸುತ್ತಾರೆ. ಬಿಸಿಲು ಬಂದ ಮೇಲೂ ಮನಸ್ಸು ಏಳದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದೇ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಯಾರಿಗೂ ಹೇಳುವುದು ಬೇಡ ಅನ್ನಿಸಿದರೆ ಹೇಳಬೇಡ.

ದೊಡ್ಡ ಕೆಲಸ ಸ್ಲ್ಯಾಬಿನ ಮೇಲೊಂದು ಶೀಟಿನ ಮಾಡು, ಪಡುವಣ ಗೋಡೆಗೊಂದು ಸೂರು. ಗೋಡೆ ಪೂರ್ತಿ ಒಣಗಿದ ಮೇಲೆಯೇ ಬಣ್ಣದ ಮಾತು. ದೀಪಾವಳಿ ಕಳೆದರೆ ಅಡಿಕೆ ಕೊಯ್ಲು ಶುರುವಾಗುತ್ತದೆ. ಆಮೇಲೆ ನಿನ್ನ ಗಂಡನೂ ಸಿಗುವುದಿಲ್ಲ, ಕೆಲಸದವರೂ ಸಿಗುವುದಿಲ್ಲ. ಈಗಲೇ ಮುಂಗಡ ಕೊಟ್ಟು ದಿನ ಗೊತ್ತುಮಾಡಲು ಹೇಳು. ದುಡ್ಡಿಗೆ ತಕರಾರು ತೆಗೆದರೆ ನನ್ನ ಹತ್ತಿರ ಕಳಿಸು.